ಮೂಗಿನ ಕೂಲಿ

ಚಳಿಗಾಲದ ಜ್ವರ ಇಳಿಯುವಾಗ
ಜೋಫ್ಕಾಳ ಮೂಗನ್ನೂ ಬರಿದು ಮಾಡಿ ಹೋಯಿತು.
ಹಾಲು ಸೀದರೂ ತಿಳಿಯದು,
ಬೆಕ್ಕು ಮೂಲೆಯಲ್ಲಿ ಮಾಡಿಟ್ಟದ್ದೂ ತಿಳಿಯದು.
ಕೊಲ್ಪಾ ಹೊಳೆಯ ಮೇಲಿನ ಕಾಡಿನಲ್ಲಿ ಹಿಮ ಕರಗಿ
ಬೀಚ್ ಮರಗಳ ಬುಡದಲ್ಲಿ ಚೆಮಾಜ್ ಎದ್ದಾಗ
(ಕಾಡಿನ ಬೆಳ್ಳುಳ್ಳಿ, ಕರಡಿಗೂ ಇಷ್ಟವಂತೆ)
ನಮ್ಮ ಬಾಗಿಲು ತಟ್ಟಿ ಅಮ್ಮನನ್ನು ಕೇಳಿದಳು:
"ನಿನ್ನ ಮಗಳ ಮೂಗು ಎರವಲು ಕೊಡು,
ಬೆಳಗ್ಗೆ ಎರಡು ತಾಸು."

ನನಗೆ ಒಂಬತ್ತು ವರ್ಷ.
ಕೂಲಿ, ಒಂದು ತುಂಡು ಬ್ರೆಡ್ಡು, ಮೇಲೆ ಅರೆದ ಸೊಪ್ಪು, ಉಪ್ಪು.
ಅದೂ ಅಂದಂದಿಗೆ ಇಲ್ಲ. ಇವತ್ತಿನದು ನಾಳೆ.
ಜಿಪುಣಿ, ಅಂದುಕೊಂಡೆ.

ದಾರಿಯುದ್ದಕ್ಕೂ ಬಗ್ಗಿಸಿ ತೋರಿಸುತ್ತಿದ್ದಳು:
ಒಂದೇ ದಂಟಿನಲ್ಲಿ ಗುಲಾಬಿ ಬಣ್ಣದ್ದೊಂದು, ನೀಲಿಯದೊಂದು.
"ಎರಡು ಜಾತಿ ಅಲ್ಲ ಕಣೇ, ಎರಡು ವಯಸ್ಸು.
ಎಳೆಯದಕ್ಕೆ ಕೆನ್ನೆ ಕೆಂಪು. ಎಲೆ ನೋಡು,
ಸುಣ್ಣ ಸಿಡಿದ ಹಾಗೆ ಚುಕ್ಕಿ."
ಮೂರು ಹಾಲೆಯ ಎಲೆ, ಅಡಿಯಲ್ಲಿ ನೇರಳೆ,
ಕಳೆದ ವರ್ಷದ್ದೇ, ಹಿಮದಡಿ ಮಲಗಿ ಎದ್ದದ್ದು;
ಅದರ ನಡುವೆ ನೀಲಿ ಹೂ,
ಹಳೇ ಮನೆಗೆ ಬಂದ ಹೊಸ ಸೊಸೆ.
ಬಿಳಿ ಅನಿಮೋನಿ ಮೋಡ ಕಂಡರೆ ಮುಖ ಮುಚ್ಚುತ್ತದೆ.
ಮುಚ್ಚಿದಾಗ ಕೊರಳು ನೋಡು:
ಹರಿದ ಮೂರೆಲೆಯ ಕಾಲರು.

"ಹೂ ನೆಂಟ," ಅನ್ನುವಳು, ಮಂಡಿ ಹಿಡಿದು ಏಳುತ್ತ,
"ಎಲೆಯೇ ಮನೆಯವನು. ಅವನನ್ನು ಕೇಳಬೇಕು."

ಚೆಮಾಜ್ ಹಾಸಿಗೆಯಲ್ಲಿ ಕೂತು ನನ್ನ ಕೆಲಸ ಶುರು.
ಎಲೆ ಉಜ್ಜು, ಮೂಸು, ಹೌದು ಅನ್ನು. ಬುಟ್ಟಿಗೆ.
ಮೂಸು, ಹೌದು. ಮೂಸು, ಹೌದು.
ಐದನೆಯ ಎಲೆಗೆ ಬೆರಳೇ ಬೆಳ್ಳುಳ್ಳಿ,
ಹತ್ತನೆಯದಕ್ಕೆ ಗಾಳಿಯೂ ಬೆಳ್ಳುಳ್ಳಿ,
ಕಲ್ಲು ಮೂಸಿದ್ದರೂ ಹೌದು ಅನ್ನುತ್ತಿದ್ದೆ.

ಒಂದು ಹೌದನ್ನು ಅವಳು ಬುಟ್ಟಿಗೆ ಹಾಕಲಿಲ್ಲ.
ಕಣ್ಣು ಮುಚ್ಚಿ, ಎಲೆಯ ತುದಿಯಿಂದ ಮಣ್ಣಿನವರೆಗೆ
ಹೆಬ್ಬೆರಳು ಇಳಿಸಿದಳು.
"ಚೆಮಾಜ್ ಎಲೆ ಒಂಟಿ. ಒಂದೊಂದಕ್ಕೂ ಅದರದೇ ಕಾಲು.
ಇಲ್ಲಿ ಎರಡೆಲೆ, ಒಂದೇ ಒರೆ.
ಶ್ಮಾರ್ನಿತ್ಸಾ. ಮೇ ತಿಂಗಳು ಬಂದರೆ
ಬಿಳೀ ಗಂಟೆ ಕಟ್ಟಿಕೊಂಡು ನಿಲ್ಲುತ್ತದೆ,
ಆಗ ಕುರುಡನೂ ದೂರ ಸರಿಯುತ್ತಾನೆ.
ಈಗ ಗಂಟೆ ಇಲ್ಲದೆ ಬಂದಿದೆ."
ಬೈಯಲಿಲ್ಲ. ನನ್ನ ಕೈ ಹಿಡಿದು ಹೊಳೆಗೆ ಒಯ್ದು
ಮರಳು ಹಾಕಿ ತಿಕ್ಕಿ ತೊಳೆದಳು.
ನೀರು ಚುಚ್ಚಿತು.

ಮೂರನೆಯದನ್ನು ಆಗ ತೋರಿಸಲಿಲ್ಲ.
ಸೆಪ್ಟೆಂಬರಿನಲ್ಲಿ, ಸೊಪ್ಪಿನ ಮಾತೇ ಮರೆತಿದ್ದಾಗ,
ಕಾಡಂಚಿನ ಹುಲ್ಲಿಗೆ ಕರೆದಳು.
ತೆಳು ನೇರಳೆ ಹೂ, ನೆಲದಿಂದ ನೇರ,
ಉಟ್ಟುಕೊಳ್ಳಲು ಒಂದೆಲೆಯೂ ಇಲ್ಲದೆ.
"ಪೊದ್ಲೆಸೆಕ್. ಇದರ ಎಲೆ ಬರುವುದು ವಸಂತಕ್ಕೆ,
ಚೆಮಾಜ್ ಮಗ್ಗುಲಲ್ಲೇ, ಅದೇ ಹಸಿರು.
ಎಲೆಗೆ ಹೂವಿನ ಮುಖ ಗೊತ್ತಿಲ್ಲ,
ಹೂವಿಗೆ ಎಲೆಯದು ಗೊತ್ತಿಲ್ಲ.
ಗುರುತು ಸಿಗಬೇಕಾದರೆ ಎರಡು ಸಲ ಬರಬೇಕು."

ಸುಮ್ಮನಿದ್ದಳು. ಆಮೇಲೆ,
"ನನ್ನ ತಂಗಿ ಅಪೊಲೋನಿಯಾ ಒಂದೇ ಸಲ ಬಂದಿದ್ದಳು,
ಮಾರಿಬೋರಿನಿಂದ, ಈಸ್ಟರಿಗೆ.
ಸೂಪು ಮಾಡಿಕೊಂಡಳು. ರಾತ್ರಿಯವರೆಗೂ ಚೆನ್ನಾಗಿಯೇ ಇದ್ದಳು."

ಈಗ ನನ್ನ ಮೂಗಿಗೂ ವಯಸ್ಸಾಗಿದೆ.
ಮಾರ್ಚಿಯಲ್ಲಿ ಅದೇ ಇಳಿಜಾರಿನಲ್ಲಿ ಮಂಡಿಯೂರಿ
ಎಲೆಯ ಕಾಲು ಹುಡುಕುತ್ತೇನೆ, ಒಂದೊಂದರದೂ.
ಬುಟ್ಟಿ ತುಂಬಲು ಮಧ್ಯಾಹ್ನವಾಗುತ್ತದೆ.

ಇವತ್ತಿನದು ನಾಳೆ.
ಲೆಕ್ಕ ತಿಳಿಯಲು ಎಷ್ಟು ವರ್ಷ ಬೇಕಾಯಿತು.
ರಾತ್ರಿ ತಾನೊಬ್ಬಳೇ ತಿನ್ನುತ್ತಿದ್ದಳು,
ರುಚಿಯೂ ತಿಳಿಯದ ಬಾಯಲ್ಲಿ,
ನಾನು ಹೌದು ಅಂದ ಎಲೆಗಳನ್ನು.
ಬೆಳಗಾಗುವವರೆಗೆ ದೀಪ ಉರಿಯುತ್ತಿತ್ತು
ಅವಳ ಅಡುಗೆಮನೆಯಲ್ಲಿ. ನೋಡಿದ್ದೆ.
ಬೆಳಗಾದ ಮೇಲೆ
ನನಗೆ ಬ್ರೆಡ್ಡು.